ನಾಟಕದ ಪರದೆಯಿಂದ ಬೆಳ್ಳಿತೆರೆಗೆ: ಕಾಗಲ್‌ನ ಫತ್ತೇಲಾಲ್

ನಿಪ್ಪಾಣಿಯಿಂದ ಪುಣೆ ಹೆದ್ದಾರಿಯಲ್ಲಿ ಕೊಗನೊಳ್ಳಿ ದಾಟಿದರೆ ಎದುರಾಗುವ ಮೊದಲ ಪಟ್ಟಣ ಕಾಗಲ್. ಇಂದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಸೇರಿರುವ ಈ ಊರಿನಲ್ಲಿ 1886ರಲ್ಲಿ ಜನಿಸಿದ ಶೇಖ್ ಫತ್ತೇಲಾಲ್, ಭಾರತೀಯ ಚಲನಚಿತ್ರದ ಆರಂಭಕಾಲದ ಪ್ರಮುಖ ಕಲಾ ನಿರ್ದೇಶಕರಲ್ಲೊಬ್ಬರು. ಜತೆಗಾರ ವಿ. ಶಾಂತಾರಾಂ ಅವರ ಹೆಸರು ಮನೆಮಾತಾಯಿತು. ಆ ಚಿತ್ರಗಳ ಅರಮನೆ, ಗುಡಿ, ಬೀದಿಗಳನ್ನು ರೂಪಿಸಿದ ‘ಸಾಹೇಬಮಾಮಾ’ ಮಾತ್ರ ಗಡಿಯ ಈಚೆಗೆ ಅಷ್ಟಾಗಿ ಪರಿಚಿತರಲ್ಲ.

ಕೊಲ್ಹಾಪುರದ ಗರಡಿ

ಫತ್ತೇಲಾಲ್ ಪಳಗಿದ್ದು ಕೊಲ್ಹಾಪುರದಲ್ಲಿ, ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ಅವರ ಬಳಿ. ಸಂಗೀತ ನಾಟಕ ಕಂಪನಿಗಳಿಗೆ ಪರದೆ ಬರೆಯುವುದರಲ್ಲಿ ಈ ಸೋದರಸಂಬಂಧಿಗಳು ಹೆಸರಾಗಿದ್ದರು. ಬಾಬುರಾವ್ ಸ್ಥಾಪಿಸಿದ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ 1920ರಲ್ಲಿ ತೆರೆಕಂಡಿತು.

ನಾಟಕದ ಪರದೆಯಲ್ಲಿ ಕಂಬವೂ ಚಿತ್ರ, ಅದರ ನೆರಳೂ ಚಿತ್ರ. ಪ್ರೇಕ್ಷಕ ಒಂದೇ ಕಡೆ ಕುಳಿತಿರುವುದರಿಂದ ಅದು ಸಾಗುತ್ತದೆ. ಕ್ಯಾಮೆರಾ ಜಾಗ ಬದಲಿಸಿದರೆ, ನಟ ಕಂಬದ ಹಿಂದೆ ಸರಿಯಬೇಕಾದರೆ, ಬರೆದ ಕಂಬ ಸಾಲದು. ಆದ್ದರಿಂದ ಬಾಬುರಾವ್ ತಂಡ ಪರದೆಯನ್ನು ಬಿಟ್ಟು ನಿಜವಾದ ಎತ್ತರ, ಆಳವುಳ್ಳ ಸೆಟ್‌ಗಳನ್ನು ಕಟ್ಟತೊಡಗಿತು. ಅಂದಿನ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಮೂಡುತ್ತಿತ್ತು. ಚಿತ್ರಕಾರ ಬಣ್ಣವನ್ನು ಮರೆತು ಬೆಳಕು-ನೆರಳಿನ ಲೆಕ್ಕದಲ್ಲಿ ಯೋಚಿಸಬೇಕಿತ್ತು.

ಪ್ರಭಾತ್ ದಿನಗಳು

1929ರಲ್ಲಿ ಶಾಂತಾರಾಂ, ವಿ.ಜಿ. ದಾಮ್ಲೆ, ಕೇಶವರಾವ್ ಧೈಬರ್ ಹಾಗೂ ಸೀತಾರಾಮಪಂತ ಕುಲಕರ್ಣಿ ಅವರೊಂದಿಗೆ ಫತ್ತೇಲಾಲ್ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯನ್ನು ಆರಂಭಿಸಿದರು. 1933ರಲ್ಲಿ ಕಂಪನಿ ಪುಣೆಗೆ ಸ್ಥಳಾಂತರಗೊಂಡ ಬಳಿಕವೂ ಕೊಲ್ಹಾಪುರದ ಚಿತ್ರೋದ್ಯಮ ನಿಲ್ಲಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಚಿತ್ರೀಕರಣಗೊಂಡದ್ದು ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿಯೇ.

ಪ್ರಭಾತ್‌ನಲ್ಲಿ ಕಲಾ ವಿಭಾಗದ ಹೊಣೆ ಫತ್ತೇಲಾಲ್ ಅವರದಾಗಿತ್ತು. ‘ಅಮೃತ ಮಂಥನ’ (1934) ಚಿತ್ರದ ದೇವಿ ಗುಡಿಯಲ್ಲಿ ಭೀತಿ ಹುಟ್ಟಿಸುವ ಭವ್ಯತೆಯಿದ್ದರೆ, ಪೊಲೀಸ್ ಪೇದೆ ಹಾಗೂ ವೇಶ್ಯೆಯೊಬ್ಬಳ ಕಥೆಯಾದ ‘ಮಾಣೂಸ್’ (1939) ನಗರದ ಇಕ್ಕಟ್ಟಿನ ಓಣಿಗಳನ್ನು ಬೇಡಿತು.

ದೇಹು ಗ್ರಾಮದ ಮರುಸೃಷ್ಟಿ

1936ರಲ್ಲಿ ದಾಮ್ಲೆ ಅವರೊಂದಿಗೆ ನಿರ್ದೇಶಿಸಿದ ‘ಸಂತ ತುಕಾರಾಂ’ ಫತ್ತೇಲಾಲ್ ವೃತ್ತಿಜೀವನದ ಶಿಖರ. ಮುಸ್ಲಿಂ ಕಲಾವಿದನೊಬ್ಬ ವಿಠೋಬನ ಭಕ್ತನ ಊರನ್ನು ಆಡಂಬರವಿಲ್ಲದೆ ಕಟ್ಟಿಕೊಟ್ಟರು. ಚಿತ್ರ ಮುಂಬೈಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. 1937ರ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಗಳಿಸಿತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಿಂದ ಪಂಢರಪುರಕ್ಕೆ ನಡೆದುಹೋಗುವ ವಾರಕರಿಗಳಿಗೆ ಈ ಕಥೆ ಪರಕೀಯವೇನಲ್ಲ. ಇದೇ ಜೋಡಿ ‘ಗೋಪಾಲ ಕೃಷ್ಣ’ (1938), ‘ಸಂತ ಜ್ಞಾನೇಶ್ವರ’ (1940) ಚಿತ್ರಗಳನ್ನೂ ನೀಡಿತು.

ಉಳಿದದ್ದು

ದಾಮ್ಲೆ 1945ರಲ್ಲಿ ನಿಧನರಾದರು. ಪ್ರಭಾತ್ 1953ರಲ್ಲಿ ಮುಚ್ಚಿತು. ಫತ್ತೇಲಾಲ್ 1955ರಲ್ಲಿ ‘ಜಗದ್ಗುರು ಶಂಕರಾಚಾರ್ಯ’ ನಿರ್ದೇಶಿಸಿ, 1964ರಲ್ಲಿ ಕೊನೆಯುಸಿರೆಳೆದರು. ಪುಣೆಯ ಸ್ಟುಡಿಯೋ ಆವರಣದಲ್ಲಿ 1960ರಲ್ಲಿ ಸರ್ಕಾರದ ಚಲನಚಿತ್ರ ಸಂಸ್ಥೆ ಆರಂಭವಾಯಿತು.

ಚಿತ್ರಕಾರನ ಕೃತಿ ಗೋಡೆಯ ಮೇಲೆ ಉಳಿಯುತ್ತದೆ; ಕಲಾ ನಿರ್ದೇಶಕನ ಸೆಟ್ ಚಿತ್ರೀಕರಣ ಮುಗಿದೊಡನೆ ನೆಲಸಮ. ಫಿಲ್ಮ್ ನಾಶವಾದರೆ ಅದರ ಗುರುತೂ ಅಳಿಯುತ್ತದೆ. ‘ಸೈರಂಧ್ರಿ’ಗೆ ಆದದ್ದು ಅದೇ. ‘ಸಂತ ತುಕಾರಾಂ’ ಉಳಿದಿರುವುದರಿಂದ ಫತ್ತೇಲಾಲ್ ಕಟ್ಟಿದ ದೇಹು ಇಂದಿಗೂ ನೋಡಲು ಸಿಗುತ್ತದೆ.