ಕಲ್ಲು ತಟ್ಟಿ ಕೇಳಿದವರು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂದರೆ ಇಂದು ಎಲ್ಲರಿಗೂ ಮೊದಲು ನೆನಪಾಗುವುದು ಉಷ್ಣ ವಿದ್ಯುತ್ ಸ್ಥಾವರ. ಆದರೆ ಈ ಊರಿನ ಹೆಸರು ಪುರಾತತ್ವದ ಪುಸ್ತಕಗಳಿಗೆ ಸೇರಿದ್ದು ಇಲ್ಲಿನ ಬೂದಿಗುಡ್ಡದಿಂದ, ಅದೂ ಸ್ಥಾವರಕ್ಕಿಂತ ಬಹಳ ಮೊದಲೇ. ಬಳ್ಳಾರಿ ಸೀಮೆಯ ಇಂಥ ಗುಡ್ಡಗಳನ್ನು ಜನ ರಾಕ್ಷಸರ ಚಿತೆಯ ಬೂದಿ ಎಂದು ನಂಬಿದ್ದರು. 1843ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಅವುಗಳ ಬಗ್ಗೆ ಬರೆದ. 1899ರಲ್ಲಿ ರಾಬರ್ಟ್ ಸೂವೆಲ್ ಮತ್ತೆ ಚರ್ಚೆ ಎತ್ತಿದ. ಕಬ್ಬಿಣದ ಕುಲುಮೆಯ ಕಿಟ್ಟವೋ, ಜ್ವಾಲಾಮುಖಿಯ ಉಗುಳೋ, ಸಾಮೂಹಿಕ ದಹನದ ಉಳಿಕೆಯೋ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದರು. ಇದು ದನಗಳ ಸಗಣಿ ಸುಟ್ಟ ಬೂದಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದರೂ ಅದಕ್ಕೆ ಪ್ರಯೋಗಶಾಲೆಯ ಆಧಾರ ಸಿಕ್ಕಿದ್ದು 1960ರಲ್ಲಿ. ಎಫ್. ಇ. ಝಾಯ್ನರ್ ಆ ಬೂದಿಯನ್ನೂ ಕಿಟ್ಟವನ್ನೂ ಪರೀಕ್ಷಿಸಿ, ಸಗಣಿ ಹೆಚ್ಚಿನ ಉಷ್ಣತೆಯಲ್ಲಿ ಉರಿದು ಕರಗಿ ಗಟ್ಟಿಯಾದದ್ದೇ ಇದು ಎಂದು ತೋರಿಸಿದರು. ಮೂರು ವರ್ಷಗಳ ಬಳಿಕ ಎಫ್. ಆರ್. ಆಲ್ಚಿನ್ ಈ ಗುಡ್ಡಗಳನ್ನು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳೊಂದಿಗೆ ಜೋಡಿಸಿ ಪುಸ್ತಕ ಬರೆದರು. ಕಥೆ, ಊಹೆ, ಪಾಂಡಿತ್ಯ ಎಲ್ಲವೂ ಸೋತ ಕಡೆ ವಸ್ತುವಿನ ಗುಣವೇ ಉತ್ತರ ಕೊಟ್ಟಿತು. ಅದೇ ದನಗಾಹಿಗಳು ಬಿಟ್ಟುಹೋದ ಇನ್ನೊಂದು ಗುರುತಿನ ವಿಷಯದಲ್ಲೂ ನಾವು ಹಾಗೆಯೇ ನಡೆಯಬೇಕು ಎಂಬುದು ನನ್ನ ನಿಲುವು. ಆ ಗುರುತು ಬಳ್ಳಾರಿಯ ಇನ್ನೊಂದು ಮಗ್ಗುಲಲ್ಲಿದೆ. ಅದನ್ನು ನೋಡಿದರೆ ಸಾಲದು, ತಟ್ಟಿ ಕೇಳಬೇಕು.

ಬಳ್ಳಾರಿಯ ಈಶಾನ್ಯಕ್ಕೆ ಸಂಗನಕಲ್ಲು ಮತ್ತು ಕಪ್ಪಗಲ್ಲು ಎಂಬ ಎರಡು ಊರುಗಳಿವೆ. ಅವುಗಳ ನಡುವಿನ ಗ್ರಾನೈಟ್ ಬೆಟ್ಟಗಳನ್ನು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆಯೊಂದು ಸೀಳಿಕೊಂಡು ಹೋಗಿದೆ. ಆ ಕರಿಬಂಡೆಗಳ ಮೇಲೆ ನೂರಾರು ಚಿತ್ರಗಳನ್ನು ಕುಟ್ಟಿ ಮೂಡಿಸಲಾಗಿದೆ. ಹೆಚ್ಚಿನವು ಉದ್ದ ಕೊಂಬಿನ, ಹಿಣಿಲಿನ ದನಗಳು, ನಡುನಡುವೆ ಮನುಷ್ಯರು. 1892ರಲ್ಲೇ ಎಫ್. ಫಾಸೆಟ್ ಇವುಗಳ ಬಗ್ಗೆ ಬರೆದಿದ್ದ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು, 1960ರ ದಶಕದಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಮತ್ತೆ ಅಗೆದರು. ಚಿತ್ರಗಳ ಜೊತೆಗಿದ್ದ ಇನ್ನೊಂದು ಬಗೆಯ ಗುರುತು ಹೊರಜಗತ್ತಿನ ಗಮನ ಸೆಳೆದದ್ದು ಮಾತ್ರ 2004ರಲ್ಲಿ. ಧಾರವಾಡದ ರವಿ ಕೋರಿಶೆಟ್ಟರ್ ಅವರೊಂದಿಗೆ ಇಲ್ಲಿ ಕೆಲಸ ಮಾಡುತ್ತಿದ್ದ ನಿಕೋಲ್ ಬೋಯ್ವಿನ್ ಆ ವರ್ಷ ಒಂದು ಲೇಖನ ಪ್ರಕಟಿಸಿದರು. ಕೆಲವು ಬಂಡೆಗಳಲ್ಲಿ ಚಿತ್ರವೂ ಅಲ್ಲದ, ಕಲ್ಲು ಒಡೆದ ಗಾಯವೂ ಅಲ್ಲದ, ಬಟ್ಟಲಿನಂಥ ನುಣುಪು ತಗ್ಗುಗಳಿವೆ. ಗ್ರಾನೈಟಿನ ಕೈಗಲ್ಲಿನಿಂದ ಆ ತಗ್ಗುಗಳ ಮೇಲೆ ಹೊಡೆದರೆ ಜಾಗಟೆಯಂಥ ನಾದ ಬರುತ್ತದೆ. ಈ ಬಂಡೆಗಳು ನವಶಿಲಾಯುಗದವರ ವಾದ್ಯಗಳಾಗಿದ್ದವು, ಬಹುಶಃ ವಿಧಿಯಾಚರಣೆಗೆ ಒದಗುತ್ತಿದ್ದವು ಎಂಬ ವಿವರಣೆ ಅಲ್ಲಿಂದ ಹರಡಿತು. ಆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ ಎಂದು ನನಗನಿಸುತ್ತದೆ. ಈ ನಾದ ಮೊದಲು ಹುಟ್ಟಿದ್ದು ಕಸುಬಿನೊಳಗೆ; ಪೂಜೆ, ಹಾಡು, ಸಂಭ್ರಮಗಳು ಬಂದದ್ದು ಅದರ ಬೆನ್ನಿಗೆ. ಹೀಗೆ ಹೇಳಲು ಕಾರಣ ತಿಳಿಯಬೇಕಾದರೆ ಕಲ್ಲೊಂದು ಏಕೆ ಮೊಳಗುತ್ತದೆ, ಇನ್ನೊಂದು ಏಕೆ ಮೊಳಗುವುದಿಲ್ಲ ಎಂಬುದನ್ನು ನಿಧಾನವಾಗಿ ನೋಡಬೇಕು.

ಶಬ್ದ ಎಂದರೆ ಸಾಗುವ ಒತ್ತಡ. ಗಾಳಿಯ ಕಣಗಳು ಒತ್ತೊತ್ತಾಗುತ್ತ, ಸಡಿಲವಾಗುತ್ತ ಆ ಒತ್ತಡವನ್ನು ಪಕ್ಕದ ಕಣಗಳಿಗೆ ದಾಟಿಸುತ್ತವೆ. ಕಣ ತಾನಿದ್ದಲ್ಲೇ ಹಿಂದೆ ಮುಂದೆ ತೂಗುತ್ತದೆ, ದೂರ ಸಾಗುವುದು ಅಲೆ ಮಾತ್ರ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಡಾಲರೈಟಿನಂಥ ಗಟ್ಟಿ ಕಲ್ಲಿನಲ್ಲಿ ಅದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಯಾಕೆಂದರೆ ಅಲ್ಲಿನ ಕಣಗಳು ಒಂದನ್ನೊಂದು ಬಹಳ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಕಲ್ಲಿನ ಮೇಲೆ ಒಂದು ಪೆಟ್ಟು ಬಿದ್ದಾಗ ಅಲೆ ಒಳಗೆ ಓಡಿ, ಅಂಚು ಮುಟ್ಟಿ, ಮರಳಿ ಬರುತ್ತದೆ. ಅದು ಹೊರಗೆ ಹೋಗದೆ ಮರಳುವುದೇ ನಾದದ ಗುಟ್ಟು. ಒಂದು ವಸ್ತುವಿನ ಸಾಂದ್ರತೆಯನ್ನು ಅದರೊಳಗಿನ ಶಬ್ದವೇಗದಿಂದ ಗುಣಿಸಿದರೆ, ಅಲೆಗೆ ಆ ವಸ್ತು ಒಡ್ಡುವ ತಡೆಯ ಅಳತೆ ಸಿಗುತ್ತದೆ. ಡಾಲರೈಟಿನ ತಡೆ ಗಾಳಿಯದಕ್ಕಿಂತ 40 ಸಾವಿರ ಪಟ್ಟಿಗೂ ಹೆಚ್ಚು. ಇಷ್ಟು ಅಂತರವಿರುವ ಗಡಿಗೆ ನೇರವಾಗಿ ಬಂದ ಅಲೆಯ ಶಕ್ತಿಯಲ್ಲಿ ಗಾಳಿಗೆ ದಾಟುವುದು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಉಳಿದದ್ದೆಲ್ಲ ಕಲ್ಲಿನೊಳಗೇ ಮತ್ತೆ ಮತ್ತೆ ತಿರುಗುತ್ತದೆ. ಹಾಗೆ ತಿರುಗುವಾಗ ಬಂಡೆಯ ಆಕಾರಕ್ಕೆ ಹೊಂದುವ ಕಂಪನಗಳು ನಿಂತ ಅಲೆಗಳಾಗಿ ಉಳಿಯುತ್ತವೆ, ಹೊಂದದವು ಅಳಿಯುತ್ತವೆ. ಉಳಿದ ಕಂಪನಗಳು ಸ್ವಲ್ಪಸ್ವಲ್ಪವಾಗಿ ಗಾಳಿಗೆ ಸೋರುವುದನ್ನೇ ನಮ್ಮ ಕಿವಿ ನಾದ ಎಂದು ಕೇಳುವುದು.

ಹಾಗಾದರೆ ಎಲ್ಲ ಬಂಡೆಗಳೂ ಮೊಳಗಬೇಕಿತ್ತಲ್ಲ? ಮೊಳಗುವುದಿಲ್ಲ, ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಒಳಗಿನ ಬಿರುಕು. ಬಳ್ಳಾರಿಯ ಗ್ರಾನೈಟ್ ದಪ್ಪ ಹರಳಿನ ಕಲ್ಲು. ಬಿಸಿಲು, ಮಳೆಗೆ ಅದರ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ, ಹರಳುಗಳ ನಡುವೆ ಕೂದಲೆಳೆಯಂಥ ಸೀಳುಗಳು ಹರಡುತ್ತವೆ. ಅಲೆ ಅಲ್ಲಿಗೆ ಬಂದಾಗ ಸೀಳಿನ ಎರಡು ಮುಖಗಳು ಉಜ್ಜಿ ಅದರ ಶಕ್ತಿಯನ್ನು ಶಾಖವಾಗಿ ನುಂಗಿಬಿಡುತ್ತವೆ. ಕೇಳುವುದು ಬರಿಯ 'ಟಪ್' ಎಂಬ ಸದ್ದು. ಡಾಲರೈಟಿನಲ್ಲಿ ಸಣ್ಣ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ನಷ್ಟ ಕಡಿಮೆ. ಎರಡನೆಯ ಕಾರಣ ಕಲ್ಲು ಕೂತಿರುವ ರೀತಿ. ಮಣ್ಣಿನಲ್ಲಿ ಅರ್ಧ ಹೂತ ಬಂಡೆಯ ಕಂಪನ ಮಣ್ಣಿಗೆ ಹರಿದುಹೋಗುತ್ತದೆ, ಏಕೆಂದರೆ ಮಣ್ಣಿಗೂ ಕಲ್ಲಿಗೂ ಇರುವ ತಡೆಯ ಅಂತರ ಗಾಳಿಯಷ್ಟು ದೊಡ್ಡದಲ್ಲ. ಬೇರೆ ಬಂಡೆಗಳ ಮೇಲೆ ಎರಡು ಮೂರು ಬಿಂದುಗಳಲ್ಲಿ ಮಾತ್ರ ಆತುಕೊಂಡ ಬಂಡೆ ಬಾಗಿ ಬಳುಕಲು ಸ್ವತಂತ್ರ. ಆ ಬಿಂದುಗಳು ನಿಂತ ಅಲೆಯಲ್ಲಿ ಚಲನೆಯೇ ಇಲ್ಲದ ಜಾಗಗಳ ಹತ್ತಿರವಿದ್ದರಂತೂ ನಾದ ಬಹಳ ಹೊತ್ತು ನಿಲ್ಲುತ್ತದೆ. ಅಂಥ ಜಾಗಗಳನ್ನು ಕಣ್ಣಿಗೆ ಕಾಣುವಂತೆ ಮಾಡಿದವನು ಜರ್ಮನಿಯ ಕ್ಲಾಡ್ನಿ. ಅವನು 1787ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತಗಡಿನ ಮೇಲೆ ಮರಳು ಉದುರಿಸಿ ಅಂಚಿಗೆ ಕಮಾನು ಎಳೆದಾಗ ಮರಳು ಅಲುಗದ ಗೆರೆಗಳಿಗೆ ಸರಿದು ಚಿತ್ತಾರವಾಗುತ್ತಿತ್ತು. ಕಪ್ಪಗಲ್ಲಿನ ಬೆಟ್ಟದಲ್ಲಿ ಮರಳಿನ ಚಿತ್ತಾರವಿಲ್ಲ, ತಗ್ಗುಗಳಿವೆ. ಪೆಟ್ಟು ಪರಿಣಾಮಕಾರಿಯಾಗುವುದು ಕಲ್ಲು ಹೆಚ್ಚು ಬಳುಕುವ ಕಡೆ. ಯಾವುದೋ ಕೈ ಒಂದೇ ಜಾಗವನ್ನು ಆರಿಸಿಕೊಂಡು ಮತ್ತೆ ಮತ್ತೆ ಹೊಡೆದಿದೆ ಎಂದರೆ, ಎಲ್ಲಿ ಹೊಡೆದರೆ ಕಲ್ಲು ದನಿಗೊಡುತ್ತದೆ ಎಂಬುದು ಆ ಕೈಗೆ ಗೊತ್ತಿತ್ತು.

ಈ ಕೈ ಯಾರದು ಎಂಬುದೇ ನನ್ನ ವಾದದ ಮುಖ್ಯ ಭಾಗ. ಕಪ್ಪಗಲ್ಲಿನ ಹಿರೇಗುಡ್ಡ ಬರಿಯ ಚಿತ್ರಶಾಲೆಯಾಗಿರಲಿಲ್ಲ. ನವಶಿಲಾಯುಗದ ದಕ್ಷಿಣ ಭಾರತದಲ್ಲಿ ಕಲ್ಲಿನ ಕೊಡಲಿ ತಯಾರಾಗುತ್ತಿದ್ದ ದೊಡ್ಡ ಕಾರ್ಯಾಗಾರಗಳಲ್ಲಿ ಅದೂ ಒಂದು. ಇದೇ ಡಾಲರೈಟನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಗ್ರಾನೈಟಿನ ಮೇಲೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಉಜ್ಜಿ ಉಂಟಾದ ತೋಡುಗಳು, ರಾಶಿರಾಶಿ ಚಕ್ಕೆಗಳು, ಅರ್ಧಕ್ಕೇ ಬಿಟ್ಟ ಕೊಡಲಿಗಳು ಅಲ್ಲಿ ಸಿಕ್ಕಿವೆ. ಇಂಥ ಕೆಲಸದಲ್ಲಿ ದೊಡ್ಡ ನಷ್ಟವೆಂದರೆ ಒಳಬಿರುಕಿನ ಕಲ್ಲು. ಗಂಟೆಗಟ್ಟಲೆ ಕುಟ್ಟಿದ ಮೇಲೆ ಕೊನೆಯ ಪೆಟ್ಟಿಗೆ ಅದು ಇಬ್ಭಾಗವಾಗುತ್ತದೆ. ಒಳಗಿನ ಬಿರುಕು ಕಣ್ಣಿಗೆ ಕಾಣದು, ಕಿವಿಗೆ ಕೇಳುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಇದಕ್ಕೇ. ಕಲ್ಲಿನ ದನಿಯಿಂದ ಕಲ್ಲಿನ ಆರೋಗ್ಯ ಅಳೆಯುವುದು ಕೊಡಲಿ ಮಾಡುವವನಿಗೆ ದಿನನಿತ್ಯದ ಅಗತ್ಯವಾಗಿತ್ತು. ದಿನವೂ ನೂರಾರು ಸಲ ಕರಿಕಲ್ಲಿಗೆ ಗ್ರಾನೈಟಿನ ಗುಂಡು ಹೊಡೆಯುತ್ತಿದ್ದವರಿಗೆ ಯಾವ ಬಂಡೆ ಹಾಡುತ್ತದೆ ಎಂದು ತಿಳಿಯದೆ ಇರುವುದು ಸಾಧ್ಯವೇ ಇರಲಿಲ್ಲ. ನಾದದ ಬಂಡೆ, ಕೊಡಲಿಯ ಕಾರ್ಯಾಗಾರ, ಎರಡಕ್ಕೂ ಒಂದೇ ಜಾತಿಯ ಕಲ್ಲು, ಒಂದೇ ಬೆಟ್ಟ, ಒಂದೇ ಬಗೆಯ ಪೆಟ್ಟು. ಇಷ್ಟು ಹೊಂದಿಕೆಯನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ.

ಇದಕ್ಕೆ ಎದ್ದೇಳುವ ಆಕ್ಷೇಪಗಳು ಹಗುರವಲ್ಲ. ಆ ತಗ್ಗುಗಳು ಕೊಡಲಿ ತಯಾರಿಯದೇ ಗುರುತುಗಳಾಗಿರಬಹುದು, ನಾದ ಇಂದಿನ ಕಿವಿಯ ಕಲ್ಪನೆ ಎಂದು ಯಾರಾದರೂ ಕೇಳಬಹುದು. ಆದರೆ ಉಜ್ಜುವ ಕೆಲಸಕ್ಕೆ ಬೇಕಾದದ್ದು ನೆಲಕ್ಕೆ ಹತ್ತಿರದ, ಕೂತು ಕೆಲಸ ಮಾಡಬಹುದಾದ ಬಂಡೆ. ಅದರ ತೋಡು ಉದ್ದಕ್ಕೆ ಇರುತ್ತದೆ. ಚಕ್ಕೆ ಎಬ್ಬಿಸಿದರೆ ಚೂಪಾದ ಅಂಚು ಉಳಿಯುತ್ತದೆ. ಈ ತಗ್ಗುಗಳು ಹಾಗಿಲ್ಲ. ಪೆಟ್ಟಿನಿಂದಲೇ ನುಣುಪಾದ ಗುಳಿಗಳಿವು, ಇರುವುದು ಮೊಳಗುವ ಬಂಡೆಗಳ ಮೇಲೆ. ಇನ್ನೊಂದು ಪ್ರಶ್ನೆ ಕಾಲದ್ದು. ಪೆಟ್ಟಿನ ಗುರುತಿಗೆ ಇಂಗಾಲದ ಕಾಲನಿರ್ಣಯ ಹೊಂದುವುದಿಲ್ಲ, ನಿನ್ನೆ ಮೊನ್ನೆ ದನ ಕಾಯುವ ಹುಡುಗರು ಹೊಡೆದದ್ದೂ ಅದರಲ್ಲಿ ಸೇರಿರಬಹುದು. ಸೇರಿರಲಿ. ಕರಿಕಲ್ಲಿನ ಮೇಲಿನ ಹೊಸ ಗಾಯ ತಿಳಿಬಣ್ಣದ್ದು, ಹಳೆಯದು ಸಾವಿರಾರು ವರ್ಷದ ಬಿಸಿಲಿಗೆ ಮತ್ತೆ ಕಪ್ಪಾಗುತ್ತದೆ. ಹಳೆಯ ಚಿತ್ರಗಳಷ್ಟೇ ಕಪ್ಪಾದ ಪೆಟ್ಟಿನ ಗುರುತುಗಳನ್ನು ಆ ಚಿತ್ರಗಳಿಂದ ಬೇರೆ ಮಾಡಲು ಕಾರಣವಿಲ್ಲ. ಕಲ್ಲಿಗೆ ಹೊಡೆದು ನಾದ ಕೇಳುವುದು ಬಳ್ಳಾರಿಯೊಂದರ ವಿಚಿತ್ರವೂ ಅಲ್ಲ. 1956ರಲ್ಲಿ ಬರ್ನಾರ್ಡ್ ಫ್ಯಾಗ್ ನೈಜೀರಿಯಾದ ಮೊಳಗುವ ಬಂಡೆಗಳ ಬಗ್ಗೆ ಬರೆದರು. ಬ್ರಿಟನ್ನಿನ ಸ್ಟೋನ್‌ಹೆಂಜಿಗೆ ಸಣ್ಣ ಕಲ್ಲುಗಳನ್ನು ಒದಗಿಸಿದ ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಲ್ಲಿ ಮೊಳಗುವುದೂ ಡಾಲರೈಟೇ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜನ ಸುತ್ತಿಗೆ ಹಿಡಿದು ನೋಡಲು ಹೋಗುವ ಮೊಳಗುವ ಬಂಡೆಗಳ ಹಾಸೂ ಅದೇ ಜಾತಿಯ ಕಲ್ಲು.

ವಿಧಿಯಾಚರಣೆಯ ಪಕ್ಷದವರ ಮಾತಿನಲ್ಲೂ ಬಲವಿದೆ. ಕೆಲವು ಬಂಡೆಗಳಿಗೆ ಹತ್ತುವುದೇ ಕಷ್ಟ, ಬರಿಯ ಕಸುಬಿಗೆ ಅಷ್ಟು ಶ್ರಮ ಯಾರೂ ಪಡುವುದಿಲ್ಲ, ದನದ ಚಿತ್ರಗಳ ನಡುವೆ ನಾದವಿರುವುದಕ್ಕೆ ಅರ್ಥವಿರಲೇಬೇಕು ಎಂದು ಅವರು ಹೇಳುತ್ತಾರೆ. ಒಪ್ಪುತ್ತೇನೆ. ಕುಡತಿನಿಯಲ್ಲಿ ದೊಡ್ಡಿಯ ಸಗಣಿಯನ್ನು ಗುಡ್ಡವಾಗುವಷ್ಟು ಕೂಡಿಟ್ಟು, ಕಿಟ್ಟವಾಗುವಷ್ಟು ಉರಿಸಿದ ಜನ ಇವರ ಬಳಗವೇ. ಅದರಲ್ಲಿಯೂ ದನಗಾರಿಕೆ ಎಷ್ಟು, ಹಬ್ಬ ಎಷ್ಟು ಎಂದು ಗೆರೆ ಎಳೆಯಲಾಗದು. ಆದರೆ ಸಗಣಿಯೇ ಇಲ್ಲದೆ ಬೂದಿಯ ಹಬ್ಬವಿಲ್ಲ. ಹಾಗೆಯೇ ಕಲ್ಲಿನ ದನಿಯನ್ನು ಮೊದಲೇ ಬಲ್ಲವರಿಗೆ ಮಾತ್ರ ಅದನ್ನು ದೇವರಿಗೋ ದನಕ್ಕೋ ಸಲ್ಲಿಸಬೇಕು ಎನ್ನಿಸೀತು. ಸೂತ್ರ ತಿಳಿಯದವರ ಅನುಭವವನ್ನು ಜ್ಞಾನ ಎನ್ನಬಹುದೇ ಎಂಬ ಪ್ರಶ್ನೆಗೆ ಸಿ. ವಿ. ರಾಮನ್ ಉತ್ತರ ಕೊಟ್ಟಿದ್ದಾರೆ. ಚರ್ಮದ ಸಾದಾ ವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವೆ ಹಚ್ಚುವ ಕರಣೆ ಅವುಗಳನ್ನು ಸ್ವರಬದ್ಧ ಮಾಡುತ್ತದೆ ಎಂದು ರಾಮನ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಮೃದಂಗ ಕಟ್ಟುವವರು ಆ ಹೊತ್ತಿಗೆ ಶತಮಾನಗಳಿಂದ ಕರಣೆ ಹಚ್ಚುತ್ತಲೇ ಇದ್ದರು. ಭೌತವಿಜ್ಞಾನ ಅವರ ಕೈಯ ತಿಳಿವಿಗೆ ಕಾರಣ ಒದಗಿಸಿತು, ತಿಳಿವು ಅವರದೇ.

ಕುಡತಿನಿಯ ಪೂರ್ವಕ್ಕೆ ಕಪ್ಪಗಲ್ಲಿದ್ದರೆ ಪಶ್ಚಿಮಕ್ಕೆ ಅದೇ ಹೆದ್ದಾರಿಯ ದಿಕ್ಕಿನಲ್ಲಿ ಹಂಪಿ ಇದೆ. ವಿಜಯ ವಿಠಲ ಗುಡಿಯ ಮಹಾಮಂಟಪದಲ್ಲಿ 56 ಕಂಬಗಳು. ಅವುಗಳ ಸಣ್ಣ ಕಂಬಿಗಳನ್ನು ತಟ್ಟಿದರೆ ಸ್ವರ ಬರುತ್ತದೆ. ಕಂಬ ಟೊಳ್ಳು, ಒಳಗೆ ಲೋಹವಿದೆ ಎಂದು ಜನ ಬಹುಕಾಲ ಹೇಳುತ್ತಿದ್ದರು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಹಾನಿಯಾಗದ ವಿಧಾನಗಳಿಂದ ಪರೀಕ್ಷಿಸಿ ಅವು ಪೂರ್ತಿ ಗಟ್ಟಿ ಎಂದೂ, ಸ್ವರ ಹುಟ್ಟುವುದು ಕಂಬಿಯ ಬಾಗು ಕಂಪನದಿಂದ ಎಂದೂ ಕಂಡುಕೊಂಡರು. ಬಾಗು ಕಂಪನದ ಆವರ್ತನ ದಪ್ಪ ಹೆಚ್ಚಿದಂತೆ ಏರುತ್ತದೆ, ಉದ್ದ ಎರಡು ಪಟ್ಟಾದರೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅಂದರೆ ಶಿಲ್ಪಿಯ ಉಳಿಯೇ ಶ್ರುತಿ ಕಟ್ಟಿತು. ಕಂಬಕ್ಕೆ ಕಲ್ಲು ಆರಿಸುವ ಹಂತದಲ್ಲೂ ಕಿವಿಯೇ ಪ್ರಮಾಣ: ಶಿಲ್ಪಶಾಸ್ತ್ರ ಗ್ರಂಥಗಳು ತಟ್ಟಿದಾಗ ಬರುವ ದನಿಯಿಂದಲೇ ಕಲ್ಲನ್ನು ಗಂಡು, ಹೆಣ್ಣು, ನಪುಂಸಕ ಎಂದು ವಿಂಗಡಿಸುತ್ತವೆ, ದನಿಯೇ ಇಲ್ಲದ್ದು ಮೂರನೆಯದು. ಕಪ್ಪಗಲ್ಲಿನ ಕೊಡಲಿಕಾರನಿಂದ ಹಂಪಿಯ ಶಿಲ್ಪಿಯವರೆಗೆ ಗುರುಶಿಷ್ಯ ಪರಂಪರೆ ಸಾಗಿ ಬಂತು ಎಂದು ನಾನು ಹೇಳುತ್ತಿಲ್ಲ. ನಡುವೆ ಎರಡೂವರೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಪರಂಪರೆ ಕಡಿದರೂ ಕಲ್ಲು ಕಲಿಸುವ ಪಾಠ ಒಂದೇ, ಅದನ್ನು ಹೊಡೆದು ಬದುಕುವವರೆಲ್ಲ ಆ ಪಾಠವನ್ನು ಹೊಸದಾಗಿ ಕಲಿಯುತ್ತಾರೆ. ಈ ಸೀಮೆಯ ಶಬ್ದವಿಜ್ಞಾನದ ಚರಿತ್ರೆಯನ್ನು ರಾಜರ ಗುಡಿಯಿಂದಲ್ಲ, ಕಲ್ಲುಕುಟಿಗರ ಬೆಟ್ಟದಿಂದ ಆರಂಭಿಸಬೇಕು ಎನ್ನುವುದಕ್ಕೆ ನನಗೆ ಇಷ್ಟು ಸಾಕು.

ಆ ಬೆಟ್ಟಕ್ಕೆ ಕಲ್ಲುಗಣಿಯ ಕಾಟ ಬಹಳ ದಿನಗಳದು. ಬೋಯ್ವಿನ್ ಬರೆದ ಹೊತ್ತಿಗೇ ಅಲ್ಲಿನ ಬಂಡೆಗಳು ರಸ್ತೆಯ ಜಲ್ಲಿಗಾಗಿ ಒಡೆದುಹೋಗುವ ಅಪಾಯದಲ್ಲಿದ್ದವು. ಚಿತ್ರವಿರುವ ಚೂರನ್ನು ಎತ್ತಿ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲೇ ಇರುವ ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ನಾದವನ್ನು ಹಾಗೆ ಇಡಲಾಗದು. ನಾದ ಇರುವುದು ಬಂಡೆಯಲ್ಲಿ ಮಾತ್ರವಲ್ಲ, ಅದು ಆತುಕೊಂಡಿರುವ ಎರಡು ಮೂರು ಬಿಂದುಗಳಲ್ಲೂ. ಒಂದು ಗೇಣು ಕದಲಿಸಿದರೂ ಅದು ಹೋದಂತೆ. ಆದ್ದರಿಂದ ಪುರಾತತ್ವ ಇಲಾಖೆ ಈ ಬೆಟ್ಟವನ್ನು ಚಿತ್ರಗಳ ತಾಣವೆಂದಷ್ಟೇ ಅಲ್ಲ, ಶಬ್ದದ ತಾಣವೆಂದೂ ಗುರುತಿಸಿ, ಬಂಡೆಗಳನ್ನು ಇದ್ದಲ್ಲೇ ಕಾಪಾಡಬೇಕು. ಬಳ್ಳಾರಿಯ ವಿಶ್ವವಿದ್ಯಾಲಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಭೌತವಿಜ್ಞಾನದ ವಿದ್ಯಾರ್ಥಿಗಳು ಒಂದೊಂದು ಬಂಡೆಯ ನಾದವನ್ನೂ ಮೃದುವಾದ ಸುತ್ತಿಗೆಯಿಂದ, ಹಳೆಯ ತಗ್ಗುಗಳನ್ನು ಮುಟ್ಟದೆ, ದಾಖಲಿಸಿ ಆವರ್ತನಗಳನ್ನು ಅಳೆದಿಡಬೇಕು. ಅದಕ್ಕೆ ಬೇಕಾದದ್ದು ಒಂದು ಮೈಕು, ಒಂದು ಲ್ಯಾಪ್‌ಟಾಪ್ ಮತ್ತು ಕೆಲವು ಬೆಳಗಿನ ಹೊತ್ತು.