ಬ್ಯಾಟರಿಯ ಜಾತಕ

ನುಂಗಂಬಾಕ್ಕಂನ ಖಾದರ್ ನವಾಜ್ ಖಾನ್ ರಸ್ತೆಯಲ್ಲಿ ಹಸಿರು ನಂಬರ್ ಪ್ಲೇಟಿನ ದುಬಾರಿ ಕಾರುಗಳು ಈಗ ಅಪರೂಪದ ದೃಶ್ಯವಲ್ಲ. ಅವುಗಳಲ್ಲಿ ಮೊದಲ ತಲೆಮಾರಿನವು ಈಗ ಎರಡನೆಯ ಒಡೆಯರನ್ನು ಹುಡುಕುತ್ತಿವೆ. 2020ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಇಕ್ಯೂಸಿ ಭಾರತಕ್ಕೆ ಬಂದಾಗ ಅದರ ಷೋರೂಂ ಬೆಲೆ 99.30 ಲಕ್ಷ ರೂಪಾಯಿ. 2021ರ ಮಾರ್ಚಿನಲ್ಲಿ ಬಂದ ಜಾಗ್ವಾರ್ ಐ-ಪೇಸ್, ಜುಲೈಯಲ್ಲಿ ಬಂದ ಆಡಿ ಇ-ಟ್ರಾನ್ ಕೂಡ ಕೋಟಿಯ ಆಸುಪಾಸಿನವು. ಇವು ಹಳೆಯವಾಗಿ ಮಾರಾಟಕ್ಕೆ ಬಂದಾಗ ಬೆಲೆ ಎಷ್ಟು ಇಳಿದಿರುತ್ತದೆಂದರೆ, ಸಂಬಳವನ್ನೇ ನಂಬಿದ ಗೃಹಸ್ಥನೂ ಒಮ್ಮೆ ಪಾಸ್‌ಬುಕ್ ತೆರೆದು ನೋಡುತ್ತಾನೆ. ಇದು ಅದೃಷ್ಟವೋ ಹಳ್ಳವೋ ಎಂಬ ಪ್ರಶ್ನೆಗೆ ಮಾರುವವನ ಮಾತಿಗಿಂತ ಇತಿಹಾಸದ ಉತ್ತರ ಹೆಚ್ಚು ನೇರವಾಗಿದೆ.

ಈ ಊರಿಗೆ ವಿದ್ಯುತ್ ವಾಹನ ಹೊಸದಲ್ಲ. ಭಾರತದ ಮೊದಲ ವಿದ್ಯುತ್ ಟ್ರಾಂ ಓಡಿದ್ದು 1895ರಲ್ಲಿ, ಮದರಾಸಿನಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಲು ಇನ್ನೂ ಏಳು ವರ್ಷಗಳಿದ್ದವು, ಬೆಂಗಳೂರಿನ ಬೀದಿಗಳು ಬೆಳಗಲು ಹತ್ತು ವರ್ಷಗಳು. 1953ರವರೆಗೆ ಓಡಿದ ಆ ಟ್ರಾಂಗಳು ತಮ್ಮ ವಿದ್ಯುತ್ತನ್ನು ದಾರಿಯುದ್ದಕ್ಕೂ ಹೊರಗಿನಿಂದಲೇ ಪಡೆಯುತ್ತಿದ್ದವು. ಕಾರಿಗೆ ಆ ಸೌಕರ್ಯವಿಲ್ಲ. ಬುತ್ತಿ ಕಟ್ಟಿಕೊಂಡು ಹೊರಡುವ ಪ್ರಯಾಣಿಕನಂತೆ ಅದು ತನ್ನ ವಿದ್ಯುತ್ತನ್ನು ಹೊತ್ತುಕೊಂಡೇ ಹೋಗಬೇಕು. ಆ ಬುತ್ತಿಯ ಡಬ್ಬಿ ವರ್ಷ ವರ್ಷಕ್ಕೆ ಕುಗ್ಗುತ್ತದೆ ಎಂಬುದೇ ವಿದ್ಯುತ್ ಕಾರಿನ ಮೊದಲ ದಿನದಿಂದಲೂ ಇರುವ ತೊಡಕು.

1900ರ ವೇಳೆಗೆ ಅಮೆರಿಕದ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ವಿದ್ಯುತ್ತಿನಿಂದ ಓಡುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸ್ವಯಂಚಾಲಿತ ಸ್ಟಾರ್ಟರ್ ಬಂದು, ಕೈಯಿಂದ ಸನ್ನೆ ತಿರುಗಿಸುವ ಕಷ್ಟ ತಪ್ಪಿದ ಮೇಲೆ ಪೆಟ್ರೋಲ್ ಕಾರು ಗೆದ್ದಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿಯ ಕಥೆ ಅಷ್ಟು ಪ್ರಸಿದ್ಧವಲ್ಲ. 1910ರಿಂದ 1924ರವರೆಗೆ ಅದು ಒಂದು ವಿಚಿತ್ರ ವ್ಯಾಪಾರ ನಡೆಸಿತು. ಗ್ರಾಹಕನು ವಾಹನವನ್ನು ಬ್ಯಾಟರಿಯಿಲ್ಲದೆ ಕೊಳ್ಳಬೇಕು. ಬ್ಯಾಟರಿ ಕಂಪನಿಯದು, ಖಾಲಿಯಾದಾಗ ಬದಲಿಸಿಕೊಡುವುದೂ ಕಂಪನಿಯದೇ ಹೊಣೆ. ಓಡಿದ ಮೈಲಿಗೆ ತಕ್ಕಂತೆ ಹಣ. ಮುಪ್ಪಾಗುವ ಭಾಗವನ್ನು ಗ್ರಾಹಕನ ಹೆಗಲಿನಿಂದ ಇಳಿಸಿದರೆ ಮಾತ್ರ ಅವನು ಧೈರ್ಯವಾಗಿ ಕೊಳ್ಳುತ್ತಾನೆಂಬುದು ಅವರಿಗೆ ನೂರು ವರ್ಷದ ಹಿಂದೆಯೇ ತಿಳಿದಿತ್ತು. 2024ರಲ್ಲಿ ಎಂಜಿ ಕಂಪನಿ ಭಾರತದಲ್ಲಿ ವಿಂಡ್ಸರ್ ಕಾರನ್ನು ಬ್ಯಾಟರಿ ಬಾಡಿಗೆಯ ಲೆಕ್ಕದಲ್ಲಿ ಮಾರತೊಡಗಿದ್ದು ಇದೇ ತಿಳಿವಳಿಕೆಯ ಮರುಹುಟ್ಟು.

ನಮ್ಮದೇ ಉದಾಹರಣೆ ಬೇಕಾದರೆ ರೇವಾ ಇದೆ. ಚೇತನ್ ಮೈನಿಯವರ ಬೆಂಗಳೂರಿನ ಕಂಪನಿ 2001ರಲ್ಲಿ ಮಾರುಕಟ್ಟೆಗೆ ತಂದ ಈ ಪುಟ್ಟ ಕಾರು ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಅದರ ಹೊಟ್ಟೆಯಲ್ಲಿದ್ದದ್ದು ಆರಾರು ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳು. ಕೆಲವೇ ವರ್ಷಗಳಲ್ಲಿ ಅವು ಸೋಲುತ್ತಿದ್ದವು. ಆದ್ದರಿಂದ ಹಳೆಯ ರೇವಾ ಕೊಳ್ಳುವವನು ಮೊದಲು ಕೇಳುತ್ತಿದ್ದ ಪ್ರಶ್ನೆ ಬ್ಯಾಟರಿ ಯಾವಾಗ ಬದಲಾಯಿಸಿದ್ದು ಎಂಬುದೇ. ಕಾರಿನ ಮಿಕ್ಕ ಭಾಗಕ್ಕೆ ಆ ಉತ್ತರದ ಮೇಲೆ ಬೆಲೆ ಕಟ್ಟಬೇಕಾಗಿತ್ತು. 2010ರಲ್ಲಿ ಕಂಪನಿ ಮಹೀಂದ್ರಾದ ಕೈ ಸೇರಿತು, ಸೀಸದ ಜಾಗಕ್ಕೆ ಲಿಥಿಯಂ ಬಂತು. ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಲಿಥಿಯಂ ಬ್ಯಾಟರಿಯ ಆಯುಷ್ಯ ಸೀಸದ್ದಕ್ಕಿಂತ ಬಹಳ ದೀರ್ಘ. ಅದಕ್ಕೆ ಆಗದ್ದು ಬಿಸಿ. ಪೂರ್ತಿ ಚಾರ್ಜ್ ಆಗಿ ಬಿಸಿಲಲ್ಲಿ ದಿನಗಟ್ಟಲೆ ನಿಂತರೆ ಅದು ಬೇಗ ಸವೆಯುತ್ತದೆ. ಈ ಬಡಾವಣೆಯ ಬಿಸಿಲಿಗೆ ಲಿಖಿತ ಸಾಕ್ಷಿಯೇ ಇದೆ. ಕಾಲೇಜು ರಸ್ತೆಯಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ಖಗೋಳ ವೀಕ್ಷಣಾಲಯದ ನೆಲದಲ್ಲಿ ಈಗ ಹವಾಮಾನ ಕೇಂದ್ರವಿದೆ. ನಕ್ಷತ್ರ ನೋಡುವ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಬಿಸಿಲು ಮಳೆಗಳನ್ನು ಬರೆದಿಡುವ ಕೆಲಸ ಉಳಿಯಿತು. ಆ ದಾಖಲೆಯಲ್ಲಿ 2003ರ ಮೇ 31ರ ಮುಂದೆ 45 ಡಿಗ್ರಿ ಎಂದಿದೆ. 2015ರ ನವೆಂಬರ್ ಒಂದೇ ತಿಂಗಳಿನ ಮುಂದೆ ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ನಗರದ ಎಷ್ಟೋ ಕಾರುಗಳು ನಿಂತಲ್ಲೇ ಮುಳುಗಿದವು. ಚೆನ್ನೈಯ ಹಳೆಯ ವಿದ್ಯುತ್ ಕಾರೊಂದು ಆ ದಿನಗಳಲ್ಲಿ ನೆರಳಿನಲ್ಲಿತ್ತೇ, ನೆಲಮಾಳಿಗೆಯಲ್ಲಿತ್ತೇ ಎಂಬುದು ಕುತೂಹಲದ ಪ್ರಶ್ನೆಯಲ್ಲ, ಲಕ್ಷಾಂತರ ರೂಪಾಯಿಯ ಪ್ರಶ್ನೆ.

ಪೆಟ್ರೋಲ್ ಕಾರಿನ ಹೊಗೆಯ ಬಣ್ಣ ನೋಡಿ, ಎಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳುವ ಮೆಕ್ಯಾನಿಕ್ ಇಲ್ಲಿ ಅಸಹಾಯಕ. ಬ್ಯಾಟರಿ ಮೌನಿ, ಅದರ ಪರವಾಗಿ ಕಾಗದ ಮಾತನಾಡಬೇಕು. ಆದ್ದರಿಂದ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಬ್ಯಾಟರಿಯ ಸದ್ಯದ ಸಾಮರ್ಥ್ಯವನ್ನು ಅಳೆಸಿ ಬರಹದಲ್ಲಿ ಪಡೆಯಬೇಕು. ವಿಮೆಯ ಹಳೆಯ ಕ್ಲೇಮುಗಳನ್ನು ನೋಡಬೇಕು. ಮೇಲೆ ಹೇಳಿದ ಮೂರೂ ಕಾರುಗಳ ಬ್ಯಾಟರಿಗೆ ಇದ್ದ ಖಾತರಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಅಂದರೆ 2020ರ ಕಾರಿನ ಖಾತರಿ 2028ಕ್ಕೆ ಮುಗಿಯುತ್ತದೆ. ಅದು ಎರಡನೆಯ ಒಡೆಯನಿಗೂ ದಾಟುತ್ತದೆಯೇ, ಯಾವ ಷರತ್ತಿನ ಮೇಲೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಲಿಖಿತವಾಗಿ ತಿಳಿಯಬೇಕು.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಲೆಕ್ಕವಿದೆ. ಒಂದು ದಿನ ಊರಿಗೆ ಮರಳುವ ಆಸೆ ನಮ್ಮೆಲ್ಲರಲ್ಲೂ ಇರುತ್ತದೆ; ಕಾರೂ ಜೊತೆಗೆ ಬರಬೇಕು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ನೋಂದಣಿ ಬೇಕೆನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ವಿದ್ಯುತ್ ವಾಹನಗಳಿಗೆ ತೆರಿಗೆ ಬಿಟ್ಟಿದ್ದ ಕರ್ನಾಟಕ 2024ರಲ್ಲಿ 25 ಲಕ್ಷಕ್ಕೆ ಮೀರಿದ ಕಾರುಗಳಿಗೆ ಶೇಕಡಾ 10ರ ಜೀವಾವಧಿ ತೆರಿಗೆ ಹಾಕಿತು. ಹಳೆಯ ಕಾರಿಗೆ ಅದರ ವಯಸ್ಸಿನ ಪ್ರಕಾರ ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಹಳೆಯ ವಿದ್ಯುತ್ ವಾಹನಗಳ ತೆರಿಗೆಯನ್ನು ಶೇಕಡಾ 12ರಿಂದ 18ಕ್ಕೆ ಏರಿಸಿದ್ದು ವ್ಯಾಪಾರಿಯ ಲಾಭಾಂಶದ ಮೇಲೆ ಮಾತ್ರ. ಮನೆಯವರೊಬ್ಬರು ಇನ್ನೊಬ್ಬರಿಗೆ ನೇರವಾಗಿ ಮಾರಿದರೆ ಅದು ಇಲ್ಲ. ನನ್ನಂಥ ಕೇಂದ್ರ ಸರ್ಕಾರದ ನೌಕರರು ಮತ್ತೊಂದನ್ನು ಮರೆಯಬಾರದು: ಎರಡು ತಿಂಗಳ ಮೂಲವೇತನಕ್ಕೆ ಮೀರಿದ ಚರಾಸ್ತಿಯ ವ್ಯವಹಾರವನ್ನು ತಿಂಗಳೊಳಗೆ ಕಚೇರಿಗೆ ವರದಿ ಮಾಡಬೇಕು.

ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಹುಟ್ಟಿದ್ದು ಎಲ್ಲಿ, ಒಳಗಿರುವುದೇನು, ಉಳಿದ ಶಕ್ತಿಯೆಷ್ಟು ಎಂದು ಹೇಳುವ ಜಾತಕ ಅದು. ಮದುವೆಗೆ ಮುಂಚೆ ಜಾತಕ ಕೇಳುವುದು ನಮ್ಮ ಹಿರಿಯರಿಗೆ ರೂಢಿಯಿತ್ತು. ಹಳೆಯ ವಿದ್ಯುತ್ ಕಾರಿನ ಮಟ್ಟಿಗೆ ನಾವೂ ಹಾಗೆಯೇ ಸಂಕೋಚವಿಲ್ಲದೆ ಕೇಳಬೇಕು. ಜಾತಕ ಕೊಡಲು ಹಿಂದೆ ಮುಂದೆ ನೋಡುವವನ ಕಾರು ಎಷ್ಟು ಅಗ್ಗವಾದರೂ ಅಗ್ಗವಲ್ಲ.