ಸೋಲ್‌ನ ಇಟ್ಟಿಗೆ ಮನೆ (ಭಾಗ 7)

ನೈಟ್ ಡ್ಯೂಟಿ ಮುಗಿಸಿ ಬಂದೆ, ನಿದ್ದೆ ಬರ್ತಿಲ್ಲ. ಕೊರಿಯಾ ಕಥೆ ಬರೀತೀನಿ ಅಂದಿದ್ದೆನಲ್ಲ, ತಗೊಳ್ಳಿ.

1883ರಲ್ಲಿ ಬ್ರಿಟನ್ ಮತ್ತು ಕೊರಿಯಾ ಒಪ್ಪಂದ ಮಾಡಿಕೊಂಡವು. ಮರುವರ್ಷ ವಿಲಿಯಂ ಆಸ್ಟನ್ ಕಾನ್ಸುಲ್ ಜನರಲ್ ಆಗಿ ಸೋಲ್‌ಗೆ ಬಂದರು. 1890ರ ದಶಕದ ಶುರುವಿನಲ್ಲಿ ಅಲ್ಲಿ ಕಟ್ಟಿದ ಇಟ್ಟಿಗೆ ಮನೆಯಲ್ಲೇ ಬ್ರಿಟಿಷ್ ರಾಯಭಾರಿ ಈಗಲೂ ಇರೋದು. 1905ರಲ್ಲಿ ಜಪಾನ್ ಕೊರಿಯಾದ ವಿದೇಶ ವ್ಯವಹಾರ ಕಿತ್ತುಕೊಂಡಾಗ ಬ್ರಿಟನ್ ತನ್ನ ಮಿತ್ರನಿಗೆ ಎದುರಾಡಲಿಲ್ಲ. ಲಿಗೇಶನ್ ಮುಚ್ಚಿ ಬರೀ ಕಾನ್ಸುಲೇಟ್ ಉಳಿಸಿಕೊಂಡಿತು.

1950ರ ಜೂನ್‌ನಲ್ಲಿ ಉತ್ತರ ಕೊರಿಯಾ ಸೈನ್ಯ ಸೋಲ್‌ಗೆ ನುಗ್ಗಿತು. ಅಮೆರಿಕದ ರಾಯಭಾರಿ ಹೊರಟರು. ಬ್ರಿಟಿಷ್ ಮಿನಿಸ್ಟರ್ ವಿವಿಯನ್ ಹೋಲ್ಟ್ ಹೊರಡಲಿಲ್ಲ. ಅವರೂ ವೈಸ್ ಕಾನ್ಸುಲ್ ಜಾರ್ಜ್ ಬ್ಲೇಕ್ ಕೂಡ ಸೆರೆಯಾದರು. ಮಿಷನರಿಗಳು, ಸನ್ಯಾಸಿನಿಯರೂ ಸೆರೆಯಲ್ಲಿದ್ದರು; ಚಳಿಯಲ್ಲಿ ನಡೆಸಿಕೊಂಡು ಹೋದಾಗ ಕೆಲವರು ದಾರಿಯಲ್ಲೇ ಸತ್ತರು. ಹೋಲ್ಟ್, ಬ್ಲೇಕ್ ಬಿಡುಗಡೆಯಾಗಿದ್ದು 1953ರಲ್ಲಿ. ಬ್ಲೇಕ್ ಅಷ್ಟರಲ್ಲಿ ಸೋವಿಯತ್ ಗೂಢಚಾರನಾಗಿದ್ದ. 1961ರಲ್ಲಿ 42 ವರ್ಷ ಶಿಕ್ಷೆಯಾಯಿತು.

ಪ್ಯೋಂಗ್ಯಾಂಗ್‌ನಲ್ಲೂ 2001ರಲ್ಲಿ ಬ್ರಿಟಿಷ್ ರಾಯಭಾರ ಕಚೇರಿ ತೆರೆಯಿತು. 2020ರ ಮೇನಲ್ಲಿ ಕೋವಿಡ್‌ನಿಂದಾಗಿ ಸಿಬ್ಬಂದಿ ವಾಪಸಾದರು. ಆ ತಿಂಗಳು ನಾವಿಲ್ಲಿ ಪಿಪಿಇ ಒಳಗೆ ಬೆವರುತ್ತಿದ್ದೆವು.

ರಾಯಭಾರ ಕಚೇರಿ ಅಂದ್ರೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸೋ ಕ್ಯೂ ಅಷ್ಟೇ ಅಂದುಕೊಂಡಿದ್ದೆ. ಬಾಗಿಲು ತೆರೆದಿಡೋಕೆ ಒಬ್ಬರು ಅಲ್ಲಿ ಉಳೀಬೇಕು ಅನ್ನೋದು ಹೊಳೆದಿರಲಿಲ್ಲ. ಅಮ್ಮಾ, ನಿದ್ದೆ ಮಾಡ್ತೀನಿ, ಬೈಬೇಡ.